ಮೇಕೆಮರಿಯ ಮಾತು

ಓರಗಿತ್ತಿ ಮಾಲತಿ ಒಳ್ಳೆಯವಳಾಗಿಬಿಟ್ಟಳು ಎಂಬುದೇ ಸುಗುಣಾಳಿಗೆ ತಡೆಯಲಾಗದ ಸಂಕಟ. ಕೆಟ್ಟವಳಾಗಿದ್ದಾಗಲೇ ಚೆನ್ನಾಗಿತ್ತು. ತಮಿಳುನಾಡಿನ ಮೇಚೇರಿಯ ಆ ಬೀದಿಯಲ್ಲಿ ಕಾಲು ಕೆರೆದು ಜಗಳಕ್ಕೆ ಬರುವವಳು ಮಾಲತಿ ಎಂದು ಎಲ್ಲರಿಗೂ ಗೊತ್ತಿತ್ತು. ಅವಳ ಪಕ್ಕದಲ್ಲಿ ಹಿರಿಸೊಸೆ ಸುಗುಣಾ ಸುಮ್ಮನೆ ನಿಂತರೂ ಚಿನ್ನದಂಥವಳು ಎನಿಸಿಕೊಳ್ಳುತ್ತಿದ್ದಳು.

ಕಾಲು ಮುರಿದುಕೊಂಡು ಸೇಲಂ ಆಸ್ಪತ್ರೆಯಲ್ಲಿ ಮಲಗಿದ್ದಾಗ ಪಕ್ಕದ ಹಾಸಿಗೆಯ ಹೆಂಗಸು ಮಾಲತಿಗೆ ಒಂದು ತಮಿಳು ಬೈಬಲ್ ಕೊಟ್ಟಿದ್ದಳು. ಹೊತ್ತು ಹೋಗದೆ ತೆರೆದವಳು, ಕಾಲು ಕೂಡಿ ಮನೆಗೆ ಬಂದ ಮೇಲೂ ಬಿಡಲಿಲ್ಲ. ಬೆಳಿಗ್ಗೆ ಎದ್ದು ಒಂದು ಪುಟ ಓದುವುದು, ಅದನ್ನೇ ಯೋಚಿಸುತ್ತ ಮೇಕೆಗಳಿಗೆ ಸೊಪ್ಪು ಹಾಕುವುದು. ಜಗಳಕ್ಕೆ ಕರೆದರೂ ಬರುವುದಿಲ್ಲ! "ಪರವಾಯಿಲ್ಲ ಬುಡಕ್ಕಾ, ನಂದೇ ತಪ್ಪು" ಎಂದು ಹೋಗಿಬಿಡುತ್ತಾಳೆ. ಅತ್ತೆ ಸಪ್ಪಲಮ್ಮ ಮೊದಲು ಮೂಗು ಮುರಿದಿದ್ದಳು. ಈಗ ಸಂಜೆ ಮಾದಪ್ಪನಿಗೆ ದೀಪ ಹಚ್ಚಿ ಬಂದು ಕಿರಿಸೊಸೆಯ ಎದುರು ಕಥೆ ಕೇಳಲು ಕೂರುತ್ತಾಳೆ. ಪುಸ್ತಕದ ತಮಿಳು ಮುದುಕಿಯ ತಲೆಗೆ ಹತ್ತದು. ಮಾಲತಿ ಮನಸ್ಸಿನಲ್ಲೇ ಓದಿಕೊಂಡು ಮನೆಯ ಕನ್ನಡದಲ್ಲಿ ಹೇಳುತ್ತಾಳೆ.

ಇದನ್ನೂ ಸಹಿಸಬಹುದಿತ್ತು. ಆದರೆ ಅತ್ತೆ ಹೊಸದಾಗಿ ಹುಟ್ಟಿದ ಹೆಣ್ಣು ಮೇಕೆಮರಿಯನ್ನು ಮಾಲತಿಗೆ ಕೊಟ್ಟುಬಿಟ್ಟಳು. ಅತ್ತೆ ಸಂತೆಗೆ ಹೋದದ್ದೇ ತಡ, ಸುಗುಣಾ ಪಕ್ಕದ ಮನೆಯ ಮಾರಕ್ಕನನ್ನು ಬೇಲಿಯ ಹತ್ತಿರ ಕರೆದಳು. "ಇಷ್ಟ್ ವರ್ಸ ಈ ಮನೇಲಿ ಜೀವ ತೇದಿವ್ನಿ. ನಂಗೆ ಒಂದು ಮೇಕೆಮರಿನಾದ್ರೂ ಕೊಟ್ಟವ್ಳಾ ಈ ಮುದ್ಕಿ?" ಕೊಟ್ಟಿಗೆಯಲ್ಲಿದ್ದ ಮಾಲತಿಗೆ ಕೇಳಲಿ ಎಂದೇ ಕೂಗಿದ್ದು. ಕೇಳಿಸಿತು ಕೂಡ.

ಆ ಸಂಜೆಯೇ ಮಾಲತಿ ಇಬ್ಬರು ಗಂಡುಮಕ್ಕಳ ತಂದೆಯ ಕಥೆ ತೆಗೆದಳು. ಕಿರಿಯವನು ಆಸ್ತಿಯನ್ನೆಲ್ಲ ಹಾಳುಮಾಡಿ, ಬುದ್ಧಿ ಬಂದು ಮನೆಗೆ ಮರಳಿದನಂತೆ. ತಂದೆ ಊಟ ಹಾಕಿಸಿ ಹಬ್ಬ ಮಾಡಿದನಂತೆ. "ದೊಡ್ಡೋನು ಮಾತ್ರ ಮುನಿಸ್ಕೊಂಡು ಆಚೇನೇ ನಿಂತ್ಬುಟ್ಟ. ಅಪ್ಪನೇ ಆಚೆ ಬಂದು ಕರ್ದ. ಅಷ್ಟೇ ಅತ್ತೆ" ಎಂದು ಮುಗಿಸಿದಳು.

ಬಾಗಿಲಾಚೆ ಮೊರ ಹಿಡಿದು ನಿಂತಿದ್ದ ಸುಗುಣಾಳ ಮೈಯೆಲ್ಲ ಉರಿದುಹೋಯಿತು. ದೊಡ್ಡವನಂತೆ! ಮುನಿಸಂತೆ! ದೇವರ ಪುಸ್ತಕದಲ್ಲಿ ಇಂಥ ಕೊಂಕು ಎಲ್ಲಿರುತ್ತದೆ? ತನ್ನನ್ನು ಚುಚ್ಚಲು ಇವಳೇ ಸೇರಿಸಿದ್ದಾಳೆ. ಹತ್ತನೆಯ ತರಗತಿವರೆಗೆ ತಮಿಳಿನಲ್ಲಿ ಓದಿದ ತನ್ನನ್ನು ಯಾಮಾರಿಸಲಾದೀತೇ? ಅತ್ತೆಯ ಎದುರೇ ಪುಸ್ತಕ ಓದಿ ತೋರಿಸಿ ಇವಳ ಒಳ್ಳೆಯತನದ ಬಣ್ಣ ಬಯಲು ಮಾಡಬೇಕು.

ಮರುದಿನ ಮಾಲತಿ ಮೇಕೆಗಳನ್ನು ಹೊಡೆದುಕೊಂಡು ಹೋದ ಕೂಡಲೇ ಸುಗುಣಾ ಪುಸ್ತಕ ತೆಗೆದಳು. ಗುರುತಿಗೆ ಬಸ್ ಟಿಕೆಟ್ ಇಟ್ಟಿದ್ದ ಪುಟದಲ್ಲೇ ಆ ಕಥೆಯಿತ್ತು. ದೊಡ್ಡವನು ಇದ್ದ. ಅವನ ಮುನಿಸೂ ಇತ್ತು. ಮಾಲತಿ ಒಂದು ಅಕ್ಷರವನ್ನೂ ಸೇರಿಸಿರಲಿಲ್ಲ. ಥೂ ಎಂದುಕೊಂಡು ಮುಂದೆ ಓದಿದಳು. ಆಚೆ ನಿಂತ ದೊಡ್ಡವನು ತಂದೆಯನ್ನು ಕೇಳುತ್ತಿದ್ದ: ಇಷ್ಟು ವರ್ಷ ಚಾಕರಿ ಮಾಡಿದೆನಲ್ಲ, ನನಗೆ ಒಂದು ಮೇಕೆಮರಿಯನ್ನಾದರೂ ಕೊಟ್ಟೆಯಾ?

ಬೇಲಿಯ ಹತ್ತಿರ ತಾನು ಕೂಗಿದ ಮಾತೇ ಅಲ್ಲಿ ಅಚ್ಚಾಗಿತ್ತು. ಇಂಥ ಮಾತು ಕೈಗೆ ಸಿಕ್ಕಿದ್ದರೂ ಮಾಲತಿ ಅದನ್ನು ನುಂಗಿಕೊಂಡಿದ್ದಳು. ಹಳೆಯ ಮಾಲತಿಯಾಗಿದ್ದರೆ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ತಾನಾಗಿದ್ದರೆ? ಎರಡು ಸಲ ಹೇಳುತ್ತಿದ್ದೆ ಎಂದು ಸುಗುಣಾಳಿಗೆ ಗೊತ್ತಿತ್ತು, ನಾಚಿಕೆಯಾಯಿತು. ಆದರೂ ಹೊಟ್ಟೆಕಿಚ್ಚು ಆರಲಿಲ್ಲ. ಈಗ ಅದು ಮೇಕೆಮರಿಯನ್ನು ಬಿಟ್ಟು ಮಾಲತಿಯ ಒಳ್ಳೆಯ ಮನಸ್ಸಿನ ಮೇಲೆ ಹೋಗಿ ಕೂತಿತು.

ಸಂಜೆ ಮಾಲತಿ ಬೇರೆ ಕಥೆ ತೆಗೆಯುವ ಮೊದಲೇ ಸುಗುಣಾ ಒಳಗೆ ಬಂದು ಕೂತಳು.

"ಅತ್ತೆ, ನೆನ್ನೆ ಕಥೇಲಿ ಇವ್ಳು ಒಂದ್ ಮಾತು ಬುಟ್ಟವ್ಳೆ. ಅದ್ನ ನಾನ್ ಏಳ್ತೀನಿ."

"ಬ್ಯಾಡಕ್ಕಾ" ಎಂದಳು ಮಾಲತಿ ಗಾಬರಿಯಾಗಿ.

"ನೀ ಸುಮ್ಕಿರೇ. ದೊಡ್ಡೋನು ಅವ್ರಪ್ಪನ್ನ ಕೇಳ್ದ ಅತ್ತೆ, ಇಷ್ಟ್ ವರ್ಸ ದುಡ್ದೆ, ನಂಗೆ ಒಂದು ಮೇಕೆಮರಿನಾದ್ರೂ ಕೊಟ್ಯಾ ಅಂತ."

ಸಪ್ಪಲಮ್ಮ ಹಿರಿಸೊಸೆಯ ಮುಖವನ್ನೇ ನೋಡಿದಳು. "ಅದ್ಕೆ ಅಪ್ಪ ಏನಂದ?"

"ನಂದೆಲ್ಲಾ ನಿಂದೇ ಕಣೋ ಮಗಾ, ಅಂದ."

"ಸರಿಯಾಗೇ ಅಂದವ್ನೆ" ಎಂದು ಮುದುಕಿ ಸುಗುಣಾಳ ಕೈ ಹಿಡಿದುಕೊಂಡಳು. "ಆಮ್ಯಾಕೆ? ದೊಡ್ಡೋನು ಒಳಕ್ ಬಂದ್ನಾ?"

"ಅದ್ನ ಬರ್ದಿಲ್ಲ ಅತ್ತೆ."

ಸುಗುಣಾ ಸೆರಗಿನಿಂದ ಮೂಗು ಒರೆಸಿಕೊಂಡು ಮಾಲತಿಯತ್ತ ಕೈ ಚಾಚಿದಳು. "ಕೊಡೇ ಇಲ್ಲಿ ಆ ಪುಸ್ತಕವ. ನೀನೊಬ್ಳೇ ಒಳ್ಳೇಳಾಗ್ಬುಡ್ಬೇಕಾ? ನಾಳಿಕ್ಕೆ ನಾನೇ ಮೊದ್ಲು ಓದೋದು."