ಅಕ್ಕ ಕೊಟ್ಟ ಹುಲಿ ಲಿಲ್ಲಿ

ಅಕ್ಕನಿಗೆ ಮೇಷ್ಟ್ರಮ್ಮ ಅಂತ ಹೆಸರಿಟ್ಟವರು ಮನೆಯವರೇ. ಪಾಠ ಹೇಳುವುದು ಅವಳ ಕೆಲಸವಲ್ಲ, ಚಟ. ಕಟ್ಟಿಕೊಂಡ ಗಂಡನಿಗೇ ಹಲ್ಲುಜ್ಜುವುದು ಹೇಗೆಂದು ಹೇಳಿಕೊಟ್ಟವಳು, ಲಿಲ್ಲಿ ಹೂ ಬೆಳೆದು ಹೊಟ್ಟೆ ಹೊರೆಯುವ ತಂಗಿಯನ್ನು ಬಿಟ್ಟಾಳೇ?

ತಂಗಿಯ ಹಸಿರುಮನೆಯಲ್ಲಿ ಬಿಳಿ ಲಿಲ್ಲಿಗಳ ಎಲೆ ಮೇಲೆ ಹಳದಿ ಗೆರೆ ಮೂಡಿ, ಮೊಗ್ಗು ಸೊಟ್ಟಗಾಗಿ, ಹೂವಿನಂಗಡಿಯವರು ಬೇಡವೆಂದಾಗ ಅಕ್ಕ ಎಗರಾಡಿಬಿಟ್ಟಳು. ಅದೂ ಹೂ ಒಯ್ಯಲು ಬಂದ ವ್ಯಾನಿನವನ ಎದುರಿಗೇ.

"ರೋಗದ ಗಿಡಕ್ಕೆ ಹಾಕಿದ ಚಾಕುನೇ ಚೆನ್ನಾಗಿರೋ ಗಿಡಕ್ಕೂ ಹಾಕ್ತೀಯಲ್ಲೇ, ನಾಚಿಕೆ ಆಗಲ್ವಾ? ಬಾಗಿಲಲ್ಲಿ ಕುಂಡದಲ್ಲಿರೋ ಹುಲಿ ಲಿಲ್ಲಿ ನೋಡು, ನಾನು ಕೊಟ್ಟಿದ್ದು. ಎಲೆ ಮೇಲೆ ಒಂದು ಗೆರೆ ಇದ್ಯಾ?"

ಅಂದಿನಿಂದ ತಂಗಿ ಒಂದೊಂದು ಗಿಡ ಕತ್ತರಿಸಿದಾಗಲೂ ಚಾಕುವನ್ನು ಕುದಿಯುವ ನೀರಿಗೆ ಅದ್ದತೊಡಗಿದಳು. ಬೆರಳುಗಳಲ್ಲಿ ಬೊಬ್ಬೆ ಎದ್ದವು. ರೋಗ ಮಾತ್ರ ಹಬ್ಬುತ್ತಲೇ ಹೋಯಿತು.

ಕೊನೆಗೆ ಎಲೆಗಳನ್ನು ಗಿಡಗಳ ಡಾಕ್ಟರ ಹತ್ತಿರ ಪರೀಕ್ಷೆಗೆ ಒಯ್ದವಳೂ ಅಕ್ಕನೇ. ಆರೋಗ್ಯದ ಎಲೆ ಹೇಗಿರುತ್ತದೆಂದು ಅವರೂ ನೋಡಲಿ ಅಂತ ಹುಲಿ ಲಿಲ್ಲಿಯದೂ ಒಂದು ಎಲೆ ಸೇರಿಸಿದಳು. ಎಂಥಾ ಜಂಬ!

ಫಲಿತಾಂಶ ಕೇಳಲು ಹೋದಾಗ ಗಿಡಗಳ ಡಾಕ್ಟರು ಆ ಎಲೆಯನ್ನೇ ಎತ್ತಿ ತೋರಿಸಿದರು. "ಎಲ್ಲದ್ರಲ್ಲೂ ಒಂದೇ ವೈರಸ್, ಇದ್ರಲ್ಲೂ ಇದೆ. ಈ ಜಾತಿ ಒಳಗೆ ರೋಗ ಇಟ್ಕೊಂಡು ಮೇಲೆ ನಗ್ತಾ ಇರುತ್ತಮ್ಮಾ. ಗಿಡಹೇನು ಇದರ ರಸ ಹೀರಿ ಪಕ್ಕದ ಗಿಡಕ್ಕೆ ಬಾಯಿ ಹಾಕಿದ್ರೆ ಮುಗೀತು."

"ಮತ್ತೆ ಚಾಕು?"

"ಇದು ಹರಡೋದು ಹೇನಿಂದಾನೇ. ರೋಗ ಶುರುವಾಗಿದ್ದು ಎಲ್ಲಿಂದ?"

ಬಾಗಿಲ ಪಕ್ಕದ ಸಾಲಿನಿಂದ. ಅವಳಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಮನೆಯಲ್ಲೂ ಹುಲಿ ಲಿಲ್ಲಿಯ ಪಕ್ಕ ನೆಟ್ಟ ಬೇರೆ ಲಿಲ್ಲಿಗಳೆಲ್ಲ ಸೊರಗಿದ್ದವು. ಮಣ್ಣು ಸರಿಯಿಲ್ಲ ಎಂದು ಗುಟ್ಟಾಗಿ ಕಿತ್ತೆಸೆದಿದ್ದಳು. ಮೇಷ್ಟ್ರಮ್ಮನ ಕೈಯಲ್ಲಿ ಗಿಡ ಸತ್ತಿತೆಂದು ಯಾರಿಗಾದರೂ ಹೇಳುವುದುಂಟೇ? ತಂಗಿಯ ಹಸಿರುಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಕಿವಿ ಬಿಸಿಯಾಗಿ ಉರಿಯುತ್ತಿತ್ತು. ಸದ್ದಿಲ್ಲದೆ ಆ ಕುಂಡವನ್ನು ಎತ್ತಿಕೊಂಡು ಹೋಗಿಬಿಟ್ಟರಾಯಿತು ಎಂದೂ ಯೋಚಿಸಿದಳು.

ಅಲ್ಲಿ ನೋಡಿದರೆ ತಂಗಿ ಆಗಲೇ ಎಲ್ಲ ಗಿಡ ಕಿತ್ತು ಚೀಲಕ್ಕೆ ತುಂಬುತ್ತಿದ್ದಾಳೆ. ಸುಡಲು ಒಯ್ಯಬೇಕೆಂದು ಅದೇ ವ್ಯಾನಿನವನು ಕಾಯುತ್ತಿದ್ದಾನೆ. ಹುಲಿ ಲಿಲ್ಲಿಯ ಕುಂಡವೊಂದು ಮಾತ್ರ ಸ್ಟೂಲಿನ ಮೇಲೆ ಠೀವಿಯಿಂದ ಕೂತಿದೆ.

"ನಿಂದೊಂದನ್ನ ಉಳಿಸ್ಕೊಂಡಿದ್ದೀನಿ ಕಣಕ್ಕಾ," ಎಂದಳು ತಂಗಿ. "ಹೊಸ ಗೆಡ್ಡೆ ತಂದು ಇದರ ಸುತ್ತಾನೇ ನೆಡ್ತೀನಿ. ಚಾಕು ಕುದಿಸಿಟ್ಟಿದ್ದೀನಿ, ಬೇಕಾದ್ರೆ ನೋಡು." ಅವಳು ಚಾಚಿದ ಕೈಯಲ್ಲಿ ಚಾಕುವಿಗಿಂತ ಮೊದಲು ಕಂಡದ್ದು ಬೊಬ್ಬೆ.

ಅಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಂಗಿಯ ಹತ್ತಿರ ಹೋಗಿ, ತಲೆ ತಗ್ಗಿಸಿ ಪಿಸುಗುಟ್ಟಿದಳು. "ಚಾಕುದ್ದಲ್ಲ ಕಣೇ ತಪ್ಪು. ರೋಗ ಬಂದಿದ್ದು ನನ್ನ ಗಿಡದಿಂದ. ಅದಕ್ಕೆ ಏನೂ ಆಗಲ್ಲ, ಆದರೆ ಉಳಿದಿದ್ದಕ್ಕೆಲ್ಲ ಅಂಟಿಸುತ್ತೆ."

ತಂಗಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಕುಂಡ ಬಗ್ಗಿಸಿ ಗಿಡ ಕಿತ್ತು, ಅದನ್ನೂ ಚೀಲಕ್ಕೆ ಹಾಕಿದಳು. ಆಮೇಲೆ ವ್ಯಾನಿನವನ ಕಡೆ ಬೆರಳು ತೋರಿಸಿದಳು.

"ಅವತ್ತಿನಷ್ಟೇ ಜೋರಾಗಿ ಹೇಳಕ್ಕಾ. ಅವರಿಗೆ ಕೇಳಿಸ್ಲಿಲ್ಲ."