ಎಡಮೂಲೆಯ ತೂಕ

ಮೇಸ್ತ್ರಿಯ ದೋಣಿಯ ಹಿಂದೆ ಏಳುವ ಅಲೆ ಕೆಟ್ಟು ಎರಡು ತಿಂಗಳಾಗಿತ್ತು. ಕೆಟ್ಟದ್ದು ಅಂದರೆ ಹಾಲು ಕೆಟ್ಟ ಹಾಗೆ. ನೋಡಿದರೆ ಎಲ್ಲ ಸರಿಯಿದೆ ಅನ್ನಿಸಬೇಕು, ಒಲೆಯ ಮೇಲಿಟ್ಟ ಮೇಲೆ ಒಡೆಯಬೇಕು. ದೋಣಿ ವೇಗ ಹಿಡಿಯುವವರೆಗೂ ನೆಟ್ಟಗಿರುತ್ತಿದ್ದ ಅಲೆ, ಸವಾರರು ಹಗ್ಗ ಬಿಡುವ ಹೊತ್ತಿಗೆ ನೊರೆಯಾಗಿ ಕುಸಿಯುತ್ತಿತ್ತು.

ಸರೋವರದಲ್ಲಿ ಅಂಥ ಅಲೆ ತಾನಾಗಿ ಏಳುವುದಿಲ್ಲ, ದೋಣಿಯೇ ಎಬ್ಬಿಸಬೇಕು. ಅದಕ್ಕೆಂದೇ ದೋಣಿಯ ಹೊಟ್ಟೆಯಲ್ಲಿ ದಪ್ಪ ಚೀಲಗಳಿರುತ್ತವೆ. ಪಂಪು ಹಾಕಿ ಅವುಗಳಿಗೆ ನೀರು ತುಂಬಿಸಿ, ಹಿಂಭಾಗವನ್ನು ಭಾರ ಮಾಡಿ, ಒಂದು ಮಗ್ಗುಲಿಗೆ ಚೂರು ವಾಲಿಸಿದರೆ ಆ ಮಗ್ಗುಲ ಹಿಂದೆ ನೀರು ಗೋಡೆಯಂತೆ ಎದ್ದು ಬರುತ್ತದೆ. ಸವಾರರು ಹಲಗೆಯ ಮೇಲೆ ನಿಂತು, ಮೊದಲು ಹಗ್ಗ ಹಿಡಿದು, ಆಮೇಲೆ ಹಗ್ಗವನ್ನು ದೋಣಿಯೊಳಕ್ಕೆ ಎಸೆದು, ಬರೀ ಅಲೆಯ ಬಲದಿಂದ ಹಿಂದೆಯೇ ಜಾರಿ ಬರುತ್ತಾರೆ. ಯಾವ ಚೀಲಕ್ಕೆ ಎಷ್ಟು ಎನ್ನುವುದೇ ವಿದ್ಯೆ. ಮೇಸ್ತ್ರಿ ಹನ್ನೆರಡು ವರ್ಷದ ಹಿಂದೆಯೇ ಆ ಲೆಕ್ಕವನ್ನು ಇಂಜಿನ್ನಿನ ಮುಚ್ಚಳದ ಒಳಗೆ ಬರೆದಿಟ್ಟಿದ್ದ: ಎಡ ಹಿಂದೆ ಏಳು ನಿಮಿಷ, ಬಲ ಹಿಂದೆ ನಾಲ್ಕು, ಮೂತಿಗೆ ಮೂರು. ಎಲ್ಲ ತುಂಬಿದ ಮೇಲೆ ನೀರು ಎಲ್ಲಿಗೆ ಮುಟ್ಟಬೇಕೆಂದು ದೋಣಿಯ ಎಡ ಮಗ್ಗುಲಿಗೆ ಒಂದು ಕೆಂಪು ಗೆರೆಯನ್ನೂ ಎಳೆದಿದ್ದ. "ನಮ್ಮ ಮೇಸ್ತ್ರಿ ಅಲೆಗೂ ಇಸ್ತ್ರಿ ಹಾಕ್ತಾನೆ" ಎಂದು ದೋಣಿಕಟ್ಟೆಯ ಯಜಮಾನ ಬಂದವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದ.

ಅದೇ ಯಜಮಾನ ಈಗ ಮುಖ ಗಂಟು ಹಾಕಿಕೊಂಡಿದ್ದ. ಪ್ರತಿ ಭಾನುವಾರ ಬರುವ ಹಲ್ಲಿನ ಡಾಕ್ಟರಮ್ಮ ಎರಡು ತಿಂಗಳಿಂದ ಬಿದ್ದು ಬಿದ್ದು ಬರೀ ನೀರು ಕುಡಿದು ಹೋಗುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಮೇಸ್ತ್ರಿ ಮೊದಲ ವಾರ ಗೊಣಗಿಕೊಂಡಿದ್ದುಂಟು. ಎರಡನೇ ವಾರ ಅವನಿಗೇ ಗೊತ್ತಾಯಿತು, ಡೊಂಕು ನೆಲದ್ದೇ.

"ನೋಡು, ಈ ಭಾನುವಾರ ಕೊನೆ" ಎಂದ ಯಜಮಾನ. "ಅಲೆ ಸರಿಯಾಗ್ಲಿಲ್ಲ ಅಂದ್ರೆ ದೋಣಿ ಬೇರೆಯವರ ಕೈಗೆ ಕೊಡ್ತೀನಿ. ನೀನು ಕಟ್ಟೆ ಮೇಲಿದ್ಕೊಂಡು ಲೈಫ್ ಜಾಕೆಟ್ ಒಗೆದು ಒಣಗಿಸ್ಕೊಂಡಿರು. ವಯಸ್ಸೂ ಆಯ್ತಲ್ಲ."

ಜಾಕೆಟ್ ಒಗೆಯುವುದು ಮೇಸ್ತ್ರಿಗೆ ಅವಮಾನವೇನಲ್ಲ. ಆದರೆ ಹೆಂಡತಿ ಹೋದ ಮೇಲೆ ಮನೆಯಲ್ಲಿ ಅವಳಿಲ್ಲ ಎನ್ನುವುದು ಗೋಡೆ ಗೋಡೆಗೂ ಗೊತ್ತಾಗಿಬಿಟ್ಟಿತ್ತು. ದೋಣಿಗೆ ಮಾತ್ರ ಇನ್ನೂ ಗೊತ್ತಾದಂತಿರಲಿಲ್ಲ. ಅಲ್ಲಿ ಕೂತಾಗ, ಬೆನ್ನ ಹಿಂದೆ ಅವಳಿದ್ದಾಳೆ ಅನ್ನಿಸುತ್ತಿತ್ತು. ಅದೂ ಕೈತಪ್ಪಿದರೆ ಅವನಿಗೆ ಹೋಗಲು ಬೇರೆ ಜಾಗವಿರಲಿಲ್ಲ.

ಯಾಕೆಂದರೆ ದೋಣಿಯಲ್ಲಿ ಅವಳ ಕೆಲಸವೇ ಅದು, ಬೆನ್ನ ಹಿಂದೆ ಇರುವುದು. ಓಡಿಸುವವನು ಮುಂದೆ ನೋಡಬೇಕು, ಸವಾರರನ್ನು ನೋಡಲು ಇನ್ನೊಬ್ಬರು ಬೇಕು. ಮಕ್ಕಳಿಲ್ಲದ ಮನೆಯಲ್ಲಿ ಒಬ್ಬಳೇ ಏನು ಮಾಡಲಿ ಎಂದು ಮೊದಲ ದಿನವೇ ಫ್ಲಾಸ್ಕು ಹಿಡಿದು ಬಂದವಳು, ಹಿಂದಿನ ಎಡಮೂಲೆಯಲ್ಲಿ ಕೂತಳು. ಈಜು ಬಾರದು, ನೀರೆಂದರೆ ಭಯ, ಆದರೆ ಬಾಯಿ ಮಾತ್ರ ಜೋರು. "ಬಿದ್ರು ಬಿದ್ರು, ತಿರುಗ್ಸ್ರೀ!" ಎಂದು ಅವಳು ಕೂಗಿದರೆ ಆಚೆ ದಡದವರೂ ದೋಣಿ ತಿರುಗಿಸಬೇಕು. ಚಳಿಗಾಲದಲ್ಲಿ ದೋಣಿ ಷೆಡ್ಡು ಸೇರಿದ್ದಾಗ, ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಅವಳ ಬದಲಿಗೆ ಯಜಮಾನ ದೋಣಿಗೆ ಒಂದು ಅಗಲವಾದ ಕನ್ನಡಿ ಹಾಕಿಸಿಕೊಟ್ಟ.

ಶನಿವಾರ ಬೆಳಗ್ಗೆ ಮೇಸ್ತ್ರಿ ಒಬ್ಬನೇ ಬಂದ. ಪಂಪು ಬದಲಾಯಿಸಿ ಆಗಿತ್ತು. ಚೀಲಗಳಲ್ಲಿ ಸೇರಿಕೊಂಡ ಗಾಳಿ ಹಿಂಡಿ ತೆಗೆದಾಗಿತ್ತು. ಇಂಧನದ ಟ್ಯಾಂಕು, ದೋಣಿ ತಳ್ಳುವ ಫ್ಯಾನಿನ ರೆಕ್ಕೆ, ಒಂದೂ ಬಿಟ್ಟಿರಲಿಲ್ಲ. ಮತ್ತೊಮ್ಮೆ ಏಳು, ನಾಲ್ಕು, ಮೂರು ಎಂದು ಗಡಿಯಾರ ನೋಡಿ ತುಂಬಿಸಿ, ಕಟ್ಟೆಯ ಮೇಲೆ ಬೋರಲು ಮಲಗಿ ಗೆರೆ ನೋಡಿದ. ಗೆರೆ ನೀರಿನಿಂದ ಎರಡು ಬೆರಳು ಮೇಲಿತ್ತು, ಒಣಗಿಕೊಂಡು.

"ಎಡಕ್ಕೆ ಏನೋ ಕಮ್ಮಿ ಬಿದ್ದಿದೆ ಕಣೇ" ಎಂದ, ರೂಢಿಯಂತೆ ತಲೆಯೆತ್ತದೆ, ಎಡಮೂಲೆಗೆ.

ಅಂದ ಮೇಲೆ ತಲೆಯೆತ್ತಿದ. ಮೂಲೆ ಖಾಲಿಯಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದ ಮೇಸ್ತ್ರಿ ಅಲ್ಲೇ ಎದ್ದು ಕೂತ. ಚೀಲ ತುಂಬಿ ನೋಡಿದ ದಿನವೂ, ಗೆರೆ ಎಳೆದ ದಿನವೂ ಅವಳು ಅಲ್ಲೇ ಕೂತಿದ್ದಳು. ಹನ್ನೆರಡು ವರ್ಷ ಅವನು ಹೆಂಡತಿಯನ್ನು ಕೂರಿಸಿಕೊಂಡೇ ದೋಣಿ ತೂಗಿದ್ದ, ಲೆಕ್ಕದಲ್ಲಿ ಅವಳನ್ನು ಬರೆಯುವುದನ್ನು ಮರೆತಿದ್ದ. ಅವನಿಗೆ ಅಳು ಬಂತು. ಅತ್ತ. ಶನಿವಾರ ಕಟ್ಟೆಯ ಮೇಲೆ ಯಾರಿರುತ್ತಾರೆ ನೋಡಲು?

ಅತ್ತು ಮುಗಿದ ಮೇಲೆ ಕೆಲಸ ಉಳಿದಿತ್ತು. ಅವಳ ತೂಕಕ್ಕೆ ಒಂದು ಚೀಲ ತುಂಬಿಸಿ ಮೂಲೆಯಲ್ಲಿ ಕೂರಿಸಬೇಕು. ತೂಕ ಅವನಿಗೆ ಬಾಯಿಪಾಠವಾಗಿತ್ತು. "ಐವತ್ತೆಂಟು ಕಿಲೋ, ಒಂದ್ ಗ್ರಾಂ ಹೆಚ್ಚಿಲ್ಲ" ಎಂದು ಮದುವೆಯಾದ ವರ್ಷ ಹೇಳಿದ್ದಳು, ಮೂವತ್ತೊಂದು ವರ್ಷ ಅದನ್ನೇ ಹೇಳಿದ್ದಳು. ಒಮ್ಮೆ ಅವನು ತೂಕದ ಯಂತ್ರ ತಂದಿದ್ದ. ಮೂರನೇ ದಿನವೇ ಅದು "ಕೆಟ್ಟೋಗಿದೆ ರೀ, ಸುಳ್ಳು ಹೇಳುತ್ತೆ" ಎನ್ನಿಸಿಕೊಂಡು ಮಂಚದ ಕೆಳಗೆ ಸೇರಿತು.

ಹತ್ತು ಲೀಟರಿನ ಬಕೆಟ್ಟು ತಂದ. ನೀರು ಲೀಟರಿಗೆ ಒಂದು ಕಿಲೋ. ಐದು ಬಕೆಟ್ಟು, ಮೇಲೆ ಎಂಟು ಲೀಟರು. ಗೆರೆ ನೋಡಿದರೆ ಇನ್ನೂ ಅರ್ಧ ಬೆರಳು ಒಣಗಿತ್ತು. ಗೆರೆಯೇ ತಪ್ಪಿರಬೇಕು, ಅವಳೇಕೆ ಸುಳ್ಳು ಹೇಳುತ್ತಾಳೆ ಎಂದುಕೊಂಡು ದೋಣಿ ಓಡಿಸಿದ. ಕನ್ನಡಿಯಲ್ಲಿ ಅಲೆ ಎದ್ದಿತು, ನಿಂತಿತು, ಆಮೇಲೆ ಹಳೇ ಚಾಳಿಯಂತೆ ಕುಸಿಯಿತು.

ವಾಪಸು ಬಂದು ಇನ್ನೊಂದು ಬಕೆಟ್ಟು ಸುರಿದ. ಸಾಲಲಿಲ್ಲ. ಮತ್ತೊಂದು ಸುರಿದ. ಕೆಂಪು ಗೆರೆ ಸರಿಯಾಗಿ ನೀರಿಗೆ ತಾಗಿತು.

ಈ ಸಲ ಅಲೆ ಎದ್ದದ್ದು ಕುಸಿಯಲೇ ಇಲ್ಲ. ಹಸಿರುಗೋಡೆಯಂತೆ, ಒಂದು ಸುಕ್ಕಿಲ್ಲದೆ, ಸರೋವರದ ಆ ತುದಿಯವರೆಗೂ ಹಿಂಬಾಲಿಸಿತು. ಎಪ್ಪತ್ತೆಂಟು! ಮೂವತ್ತೊಂದು ವರ್ಷದಲ್ಲಿ ಎರಡು ಬಕೆಟ್ಟು ಸುಳ್ಳು! ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ದೋಣಿ ನಿಧಾನ ಮಾಡಿ, "ಲೇ, ಸಿಕ್ಕಿಬಿದ್ದೆ ನೋಡು!" ಎಂದು ಪೂರ್ತಿ ಹಿಂದಕ್ಕೆ ತಿರುಗಿದ.

ಎಡಮೂಲೆಯಲ್ಲಿ ಚೀಲ ಕೂತಿತ್ತು. ಅದರೊಳಗಿನ ನೀರು ಒಮ್ಮೆ ತುಳುಕಿ ಸುಮ್ಮನಾಯಿತು. ಜಗಳಕ್ಕೆ ಬರುವವರಿಲ್ಲದೆ ಅವನ ನಗು ಅರ್ಧಕ್ಕೇ ನಿಂತಿತು.

ಮನೆಗೆ ಹೋಗಿ ಮಂಚದ ಕೆಳಗಿನ ಯಂತ್ರ ಎಳೆದು ಧೂಳು ಒರೆಸಿದ. ಐದು ಕಿಲೋ ಸಕ್ಕರೆಯ ಬಿಚ್ಚದ ಪೊಟ್ಟಣ ಇಟ್ಟು ನೋಡಿದ. ಮುಳ್ಳು ಐದಕ್ಕೇ ನಿಂತಿತು. ತಾನೂ ಹತ್ತಿ ನಿಂತ. ಚಳಿಗಾಲದಿಂದ ಆರು ಕಿಲೋ ಇಳಿದಿದ್ದ. ಅದನ್ನು ಕೇಳಿ ಬೈಯುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಡಾಕ್ಟರಮ್ಮ ಹಗ್ಗ ಎಸೆದು ಎರಡು ಸುತ್ತು ಬೀಳದೆ ಬಂದರು. ಮೂವತ್ತೆರಡು ಹಲ್ಲೂ ಕಾಣುವಂತೆ ನಕ್ಕು, "ಮೇಸ್ತ್ರಿಗಳೇ, ಏನ್ ಮಾಡಿದ್ರಿ?" ಎಂದರು.

"ಒಂದು ಚೀಲ ಕಮ್ಮಿಯಿತ್ತು" ಎಂದ ಮೇಸ್ತ್ರಿ.

ಯಜಮಾನ ಹಿಗ್ಗಿದ. ದೋಣಿ ನಿನ್ನ ಕೈಯಲ್ಲೇ ಇರಲಿ ಎಂದ. ಆಮೇಲೆ ಮಾರ್ಕರ್ ಪೆನ್ನು ಚಾಚಿದ. "ಆ ಹೊಸ ಚೀಲಕ್ಕೆಷ್ಟು ಅಂತ ಮುಚ್ಚಳದೊಳಗೆ ಬರೆದುಬಿಡು. ನಾಳೆ ನಿಂಗೆ ಹುಷಾರಿಲ್ಲ ಅಂದ್ರೆ ಇನ್ನೊಬ್ರು ತುಂಬಿಸ್ಬೇಕಲ್ಲ."

ಮೇಸ್ತ್ರಿ ಪೆನ್ನು ಹಿಡಿದು ಇಂಜಿನ್ನಿನ ಮುಚ್ಚಳ ಎತ್ತಿದ. ಹಳೇ ಲೆಕ್ಕದ ಕೆಳಗೆ ದಪ್ಪಕ್ಷರದಲ್ಲಿ ಬರೆದ: ಎಡಮೂಲೆ, ಐವತ್ತೆಂಟು ಲೀಟರು.

"ಅಷ್ಟೇನಾ? ಚೀಲ ನೋಡಿದ್ರೆ ಹೆಚ್ಚಿದ್ದ ಹಾಗಿದೆ."

"ಐವತ್ತೆಂಟೇ" ಎಂದ ಮೇಸ್ತ್ರಿ. "ಒಂದ್ ಗ್ರಾಂ ಹೆಚ್ಚಿಲ್ಲ."

ಅಂದಿನಿಂದ ಅವನು ದಿನಾ ಎಲ್ಲರಿಗಿಂತ ಮೊದಲು ಕಟ್ಟೆಗೆ ಬರುತ್ತಾನೆ. ಬರೆದ ಲೆಕ್ಕದ ಮೇಲೆ ಉಳಿದ ಎರಡು ಬಕೆಟ್ಟು ನೀರನ್ನು ಯಾರೂ ನೋಡದ ಹಾಗೆ ಚೀಲಕ್ಕೆ ಸುರಿದು, ಫ್ಲಾಸ್ಕು ತೆಗೆದು ಕೂರುತ್ತಾನೆ.