ಬಾಗಿಲ ಬಳಿಯ ಬಾಟಲಿ

ಕುಡಿತ ಬಿಟ್ಟವರು ಒಟ್ಟಿಗಿರುವ ಆ ಮನೆಯೊಳಕ್ಕೆ ಕೆಮ್ಮಿನ ಔಷಧಿಗೂ ಪ್ರವೇಶವಿರಲಿಲ್ಲ. ಮನೆ ನಡೆಸುವ ಅಕ್ಕ ಬಂದವರ ಚೀಲವನ್ನೆಲ್ಲ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದಳು. "ಪೊಲೀಸ್ ನಾಯೀನೂ ಅಕ್ಕನ ಹತ್ರ ಟ್ಯೂಷನ್‌ಗೆ ಬರ್ಬೇಕು" ಎಂದು ಅಲ್ಲಿದ್ದ ಎಂಟು ಜನ ನಗುತ್ತಿದ್ದರು. ಎಂಟರಲ್ಲಿ ಒಬ್ಬ ಅವಳ ಒಡಹುಟ್ಟಿದ ತಮ್ಮ. ಅವನು ಕುಡಿಯದೆ ಹನ್ನೊಂದು ತಿಂಗಳಾಗಿತ್ತು. ಅಕ್ಕನಿಗೆ ಈಗೀಗ ಕಣ್ತುಂಬ ನಿದ್ದೆ ಬರುತ್ತಿತ್ತು.

ಮನೆಯ ಕಾನೂನು ಒಂದೇ: ಕುಡಿದವನು ಆವತ್ತೇ ಹೊರಗೆ. ಹಿಂದೊಮ್ಮೆ ಕುಡಿದು ಬಂದು, ಕಾಲು ಹಿಡಿದು ಅತ್ತ ಮೇಷ್ಟ್ರೊಬ್ಬರನ್ನೂ ಅವಳು ಕಳಿಸಿದ್ದಳು.

ಈಗ ಸರ್ಕಾರಕ್ಕೆ ದಿಢೀರನೆ ಜ್ಞಾನೋದಯವಾಗಿ, ಇಂಥ ಮನೆಗಳಿಗೆಲ್ಲ ಲೈಸೆನ್ಸ್ ಬೇಕೆಂದಿತು. ಇಲ್ಲದಿದ್ದರೆ ಬೀಗ. ತಪಾಸಣೆಗೆ ಬಂದು ಮಂಚಗಳ ನಡುವಿನ ಜಾಗವನ್ನೂ ಅಳೆದ ಅಧಿಕಾರಿ ಬಾಗಿಲಲ್ಲಿ ನಿಂತ.

"ಸ್ಯಾನಿಟೈಸರ್ ಎಲ್ಲಮ್ಮಾ?"

"ಸಾರ್, ಅದ್ರಲ್ಲಿರೋದೇ ಆಲ್ಕೋಹಾಲು! ಇವ್ರ ಮುಂದೆ ಅದನ್ನ ಇಡ್ಲಾ? ಸೋಪಿದೆ ನೋಡಿ."

"ಫಾರಂನಲ್ಲಿ ಸೋಪು ಅಂತಿಲ್ವಲ್ಲ. ಗುರುವಾರ ಬರ್ತೀನಿ, ಇಟ್ಟಿರಿ."

ಹೋಗುವಾಗ ಆ ಮಹಾಶಯ ಮನೆಯ ಕಾನೂನನ್ನೂ ಫಾರಂಗೆ ಸೇರಿಸಿಕೊಂಡ. ಅದು ತಪ್ಪಿದರೂ ಲೈಸೆನ್ಸ್ ರದ್ದು.

ಗುರುವಾರ ಅವನ ಗಾಡಿಯ ಸದ್ದು ಕೇಳಿದ ಮೇಲೆಯೇ ಅಕ್ಕ ಪುಟ್ಟ ಬಾಟಲಿಯನ್ನು ಬಾಗಿಲ ಬಳಿ ಇಟ್ಟಳು. ಕಾವಲಿಗೆ ಯಾರು? ನಂಬಿಕಸ್ಥ ಎಂದು ತಮ್ಮನನ್ನೇ ಕೂರಿಸಿದಳು. ಅಯ್ಯೋ, ಅಷ್ಟು ಜಾಣೆಗೆ ಆ ಹೊತ್ತಿಗೆ ಎಂಥ ಮಂಕು ಕವಿಯಿತೋ!

"ಹತ್ತು ನಿಮಿಷ ಕಣೋ. ಯಾರೂ ಮುಟ್ಟಬಾರ್ದು."

ಅಧಿಕಾರಿಯ ಜೊತೆ ಅಕ್ಕ ಮಹಡಿ ಹತ್ತಿದಳು; ಹತ್ತು ನಿಮಿಷ ನಲವತ್ತಾಯಿತು. ಕೊನೆಗೆ ಅಧಿಕಾರಿ ಲೈಸೆನ್ಸಿಗೆ ಸೀಲು ಒತ್ತಿ ಕೊಟ್ಟು, ಕೆಳಗಿಳಿದು, ಕೈಗೆ ಹಾಕಿಕೊಳ್ಳಲೆಂದು ಬಾಟಲಿ ಒತ್ತಿದ. ಬರೀ ಗಾಳಿ ಬಂತು.

"ಖಾಲಿಯಾಗಿದೆ ನೋಡಿ, ತುಂಬಿಸಿಡಿ" ಎಂದು ಹೊರಟುಹೋದ.

ಅಕ್ಕ ತಿರುಗಿ ನೋಡಿದಳು. ತಮ್ಮ ಗೋಡೆಗೊರಗಿ ಕೂತಿದ್ದ. ಮೂಸುವ ಅಗತ್ಯವೇ ಇರಲಿಲ್ಲ.

"ಬೇರೆ ಯಾರಿಗೂ ಮುಟ್ಟಕ್ಕೆ ಬಿಡ್ಲಿಲ್ಲ ಅಕ್ಕಾ" ಎಂದ, ತೊದಲುತ್ತ.

ಮೆಟ್ಟಿಲ ಮೇಲೆ ಉಳಿದವರು ನಿಂತಿದ್ದರು. ಅವರಲ್ಲಿ ಒಬ್ಬನೂ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವಳು ಆಸ್ಪತ್ರೆಗೆ ಗಾಡಿ ಕರೆಸಿದಳು. ಒಳಗೆ ಹೋಗಿ ತಮ್ಮನ ಅಂಗಿ, ಹೊದಿಕೆ, ಹಲ್ಲುಜ್ಜುವ ಬ್ರಶ್ಶು ಎಲ್ಲ ಚೀಲಕ್ಕೆ ತುಂಬಿದಳು. ಅವನನ್ನು ಹತ್ತಿಸಿ, ತಾನೂ ಪಕ್ಕದಲ್ಲಿ ಕೂತಳು.

"ಬಟ್ಟೆ ಎಲ್ಲಾ ಯಾಕೆ ಅಕ್ಕಾ? ಸಂಜೆ ವಾಪಸ್ ಬರ್ತೀವಲ್ಲ?"

ಅಕ್ಕನಿಗೆ ಅಳು ಒತ್ತರಿಸಿ ಬಂತು.

"ಏಳು ಜನ ನೋಡ್ತಿದಾರೆ ಕಣೋ" ಎಂದಳು.